ಮೂರನೇ ಸಾಲಿನ ಚಪ್ಪಾಳೆ

ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ನಾಚಿಕೆಗೇಡು ಎಂದರೆ ಅದೇ.

ಮಣ್ಣು ಸಂಶೋಧನಾ ಕೇಂದ್ರದ ಸಭಾಂಗಣ. ಗೋಡೆಯ ತುಂಬ ಹಿಂದಿನ ವಿಜ್ಞಾನಿಗಳ ಫೋಟೋಗಳು, ಅವುಗಳಲ್ಲಿ ಒಬ್ಬ ಹೆಂಗಸೂ ಇಲ್ಲ. ನಾನು ಮೂರನೇ ಸಾಲಿನಲ್ಲಿದ್ದೆ. ವೇದಿಕೆಯ ಮೇಲೆ ನನ್ನ ಸಹೋದ್ಯೋಗಿ, ಆರಡಿ ಮೀರಿದ್ದರಿಂದ ಎಲ್ಲರ ಬಾಯಲ್ಲೂ ಲಂಬೂ. ತೋಟದ ಗಿಡಗಳು ಒಣಗುತ್ತಿದ್ದ ಕಾರಣವನ್ನು ಕಂಡುಹಿಡಿದದ್ದು ಅವನೇ ಎಂದು ನಿರ್ದೇಶಕರು ಹೊಗಳಿದ್ದೇ ಹೊಗಳಿದ್ದು. "ಇವರ ಸಹಾಯಕಿಗೂ ಒಂದು ಥ್ಯಾಂಕ್ಸ್" ಎಂದು ನನ್ನತ್ತ ಕೈ ಬೀಸಿದರು.

ಸಹಾಯಕಿಯಂತೆ! ಎದೆಮಟ್ಟದ ಗುಂಡಿಗೆ ಇಳಿದವಳು ನಾನು. ಚಾಕುವಿನಿಂದ ಗುಂಡಿಯ ಗೋಡೆ ಕೆರೆದು, ಬೇರುಗಳೆಲ್ಲ ಒಂದೇ ಮಟ್ಟದಲ್ಲಿ ಅಡ್ಡ ತಿರುಗಿರುವುದನ್ನು ನೋಡಿ, ಬೇರನ್ನು ನೀರಿನತ್ತ ಇಳಿಯಲು ಬಿಡದ ಗಟ್ಟಿ ಪದರ ಅಲ್ಲೊಂದಿದೆ ಎಂದವಳೂ ನಾನೇ. ಲಂಬೂ ಮೇಲೆ ನಿಂತು ನನಗೆ ಕೊಡೆ ಹಿಡಿದಿದ್ದ. ಚೆನ್ನಾಗಿಯೇ ಹಿಡಿದಿದ್ದ, ಸುಳ್ಳು ಹೇಳಬಾರದು. ಆ ನೆರಳಲ್ಲೇ ನನ್ನ ಮನಸ್ಸು ಅವನ ಕಡೆ ಜಾರಿದ್ದು.

ಈಗ ಅವನು ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಪೆಚ್ಚಾಗಿ ನಕ್ಕ. ನಾನು ಚಪ್ಪಾಳೆ ತಟ್ಟಿದೆ.

ಲ್ಯಾಬಿಗೆ ಬಂದು ಕೈ ತೊಳೆದೆ. ಕೊಳೆಯೇನೂ ಇರಲಿಲ್ಲ. ತಿರುಗಿದರೆ ಬಾಗಿಲಲ್ಲಿ ಲಂಬೂ, ತಲೆ ತಗ್ಗಿಸಿಕೊಂಡು.

"ಬೈದುಬಿಡಿ."

"ಯಾಕೆ? ನಾನೂ ಚಪ್ಪಾಳೆ ತಟ್ಟಿದ್ನಲ್ಲ."

"ಅದನ್ನೇ ಕಣ್ರೀ ತಡ್ಕೊಳ್ಳೋಕಾಗ್ಲಿಲ್ಲ. ಮೈಕ್ ಮುಂದೆ ನಾಲಿಗೇನೇ ಹೊರಳಲಿಲ್ಲ. ಇವತ್ತು ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ... ಈಗ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಆ ಮಾತು ಯಾವುದೆಂದು ನನಗೆ ಗೊತ್ತಿತ್ತು. ಆದರೂ ಬಿಡಲಿಲ್ಲ. ಮಣ್ಣಿನ ಬಣ್ಣ ಹೋಲಿಸಿ ನೋಡುವ ಪುಸ್ತಕವನ್ನು ಮೇಜಿನಿಂದ ಎತ್ತಿ, ನಾಚಿ ಕೆಂಪೇರಿದ್ದ ಅವನ ಕಿವಿಯ ಪಕ್ಕ ಹಿಡಿದೆ. ಒಂದೊಂದೇ ಹಾಳೆ ತಿರುವಿದೆ. ಅವನು ಉಸಿರು ಬಿಗಿಹಿಡಿದು ನಿಂತಿದ್ದ.

"ಇಷ್ಟು ಕೆಂಪು ಮಣ್ಣು ಇದರಲ್ಲಿ ಇಲ್ವೇ ಇಲ್ಲ," ಎಂದೆ.

ಅವನು ನಗಲಿಲ್ಲ. "ಮಧ್ಯಾಹ್ನದ ಸಭೆಲಿ ಎದ್ದು ಹೇಳ್ತೀನಿ, ಎಲ್ಲಾ ನಿಮ್ಮದೇ ಅಂತ."

"ನೀವು ಹೇಳಿದ್ರೆ ಅದೂ ನಿಮ್ಮ ದೊಡ್ಡತನ ಆಗುತ್ತೆ. ಮೈಕ್ ನನಗೆ ಕೊಡಿ, ಸಾಕು."

ಮಧ್ಯಾಹ್ನ ಮಾತಾಡುವ ತನ್ನ ಸರದಿ ಬಂದಾಗ ಅವನು ನನ್ನನ್ನು ವೇದಿಕೆಗೆ ಕರೆದು, ಮೈಕನ್ನು ನನ್ನ ಕೈಗಿತ್ತು ವೇದಿಕೆಯಿಂದ ಇಳಿದುಬಿಟ್ಟ. "ಗುಂಡಿಗೆ ಇಳಿದದ್ದು ನಾನು, ಪದರ ಗುರುತಿಸಿದ್ದು ನಾನು. ಬೆಳಗ್ಗೆ ಅದನ್ನು ಹೇಳದೆ ಚಪ್ಪಾಳೆ ತಟ್ಟಿದವಳೂ ನಾನೇ," ಎಂದೆ. ದನಿ ಒಡೆಯಿತು, ಆಮೇಲೆ ಸರಿಹೋಯಿತು. ನಿರ್ದೇಶಕರು ಗಟಗಟ ನೀರು ಕುಡಿದರು.

ಮಾತು ಮುಗಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮೂರನೇ ಸಾಲಿನ ನನ್ನ ಕುರ್ಚಿಯ ಪಕ್ಕದಲ್ಲಿ ಲಂಬೂ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಹೋಗಿ ಕೂತೆ. "ಕೇಳಿ ಈಗ, ಅದೇನೋ ಮಾತು ಅಂದ್ರಲ್ಲ."

"ಇನ್ನೂ ನಾಚಿಕೆ ಆಗ್ತಿದೆ ಕಣ್ರೀ."

"ಆಗ್ಲಿ ಬಿಡಿ. ನಾಚಿಕೆ ಇರೋ ಗಂಡನೇ ಬೇಕು ನನಗೆ."