ಒಂದು ಬಾಟಲಿ, ಇಬ್ಬರು ಮಾಣಿಕಪ್ಪ

"ಈ ಬಾಟಲಿ ನಾ ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ!"

ಲ್ಯಾಬಿನ ಕೇಶರಬಾಯಿ ರಕ್ತದ ಬಾಟಲಿಯನ್ನು ಎದೆಗವಚಿಕೊಂಡಳು. ಎದುರಿಗೆ ಜ್ಞಾನೇಶ್ವರ. 1988ರಲ್ಲಿ ಹುಮನಾಬಾದಿನ ಆ ಖಾಸಗಿ ಆಸ್ಪತ್ರೆಗೆ ಕಂಪ್ಯೂಟರ್ ತಂದವನು ಅವನೇ. ರಕ್ತ ಕೊಟ್ಟವರ ಹೆಸರು ಹೊಡೆದರೆ ಸಾಕು, ಬಾಟಲಿಯ ಚೀಟಿಗೆ ಅವರ ರಕ್ತದ ಗುಂಪನ್ನು ಅದೇ ಛಾಪಿಸುತ್ತಿತ್ತು.

ಒಳಗೆ ಬಾಣಂತಿ ಸೋನುಬಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಬೇಕಾದದ್ದು 'ಓ' ಗುಂಪು. ಇದ್ದದ್ದು ಇದೊಂದೇ ಬಾಟಲಿ!

"ನಿರ್ಣಾ ಊರಿನ ಮಾಣಿಕಪ್ಪನ ರಕ್ತ. 'ಓ' ಅಂತ ಚೀಟಿ ಅದ, ಕಾಣಲ್ಲೇನು?" ಎಂದ ಜ್ಞಾನೇಶ್ವರ.

"ಗಾಜಿನ ಮ್ಯಾಲ ಈ ರಕ್ತ, ಸೋನುಬಾಯಿ ರಕ್ತ ಕೂಡಿಸಿ ನೋಡೀನ್ರಿ. ಗಂಟುಗಂಟು ಆಗ್ಯಾದ. ಏರಿಸಿದ್ರ ಆಕಿ ಸಾಯ್ತಾಳ!"

"ಮಷೀನ್ ಬಂದಾಗಿಂದ ನಿಮಗ ಹೊಟ್ಟಿಕಿಚ್ಚು. ಕೆಲ್ಸ ಹೋಗ್ತದಂತ ಅಂಜಿಕಿ!"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಕೇಶರಳ ಕಣ್ಣು ತುಂಬಿತು. ಮೂರು ತಿಂಗಳಿಂದ ಇವನ ದಾರಿ ಕಾಯುತ್ತಿದ್ದ ಹುಚ್ಚು ಹುಡುಗಿ! 'ಇವನ ಕಣ್ಣಿಗೆ ನಾನು ಇಷ್ಟೇನಾ...?' ಆದರೂ ಬಾಟಲಿ ಬಿಡಲಿಲ್ಲ.

"ಯಾವ ಮಾಣಿಕಪ್ಪ? ನಿರ್ಣಾದಾಗ ಅಣ್ಣತಮ್ಮರ ಮಕ್ಕಳು ಇಬ್ಬರಿಗೂ ಅಜ್ಜನ ಹೆಸರೇ ಇಟ್ಟಾರ್ರಿ!"

ಜ್ಞಾನೇಶ್ವರನ ಮುಖ ಬಿಳಿಚಿತು. ಅದೇ ಹೆಸರು, ಅದೇ ಊರು... ಒಬ್ಬನ ಹೆಸರೇ ಎರಡು ಸಲ ಬಂದಿದೆಯೆಂದು ಕಂಪ್ಯೂಟರಿನಿಂದ ಎರಡನೆಯದನ್ನು ಅಳಿಸಿದ್ದು ತಾನೇ! ಈ ರಕ್ತ ಆ ಎರಡನೆಯವನದು, ಚೀಟಿಯ 'ಓ' ಮೊದಲನೆಯವನದು.

"'ಓ' ಗುಂಪಿನಾಂವ ಎಲ್ಲಿ ಸಿಗ್ತಾನ?"

"ಗಂಜ್ ಬಜಾರದಾಗ ಚೀಲ ಹೊರೋ ಹಮಾಲಿ ಮಾಡ್ತಾನ. ಓಡ್ರಿ!"

ಓಡಿದ. ಕೇಶರ ಸೋನುಬಾಯಿಯ ಕೈ ಹಿಡಿದು ಕುಳಿತಳು. ಕೈ ತಣ್ಣಗಾಗುತ್ತಿತ್ತು. ತಡವಾದರೆ...?

ಇಪ್ಪತ್ತು ನಿಮಿಷಕ್ಕೆ ಮೈಯೆಲ್ಲ ಜೋಳದ ಧೂಳಿನ ಮಾಣಿಕಪ್ಪನನ್ನು ಸೈಕಲ್ ಮೇಲೆ ಕೂಡಿಸಿಕೊಂಡು ಬಂದ. ಕೇಶರ ಮತ್ತೆ ಗಾಜಿನ ಮೇಲೆ ರಕ್ತ ಕೂಡಿಸಿದಳು. ಜ್ಞಾನೇಶ್ವರ ಬಗ್ಗಿ ಗಾಜನ್ನೇ ನೋಡಿದ.

ಗಂಟು ಕಟ್ಟಲಿಲ್ಲ!

ಸಂಜೆಗೆ ಸೋನುಬಾಯಿ ಕಣ್ಣು ಬಿಟ್ಟು ಕೂಸನ್ನು ಕೇಳಿದಳು. ಜ್ಞಾನೇಶ್ವರ ವಾರ್ಡಿನ ನಡುವೆ, ಡಾಕ್ಟರ ಮುಂದೆ ಬಂದು ನಿಂತ.

"ಡಾಕ್ಟ್ರೇ, ತಪ್ಪು ನಂದು. ಇವರು ತಡೀಲಿಲ್ಲಂದ್ರ ನಾ ಒಂದು ಜೀವ ತೆಗೀತಿದ್ದೆ." ಕೇಶರಳತ್ತ ತಿರುಗಿದ. "ಮಾಫ್ ಮಾಡ್ರಿ."

"ಎಲ್ಲರ ಮುಂದ ಬೈದೀರಿ. ಅಷ್ಟಕ್ಕ ಮುಗೀತೇನ್ರಿ?"

"ಹಂಗಾದ್ರ ಎಲ್ಲರ ಮುಂದನೇ ಹೇಳ್ತೇನಿ. ನಿಮ್ಮನ್ನ ನೋಡಾಕಂತನೇ ದಿನಾ ಲಗೂನ ಬರಾಕತ್ತೇನಿ. ಲಗ್ನದ ಮಾತಿಗಿ ಬಸವಕಲ್ಯಾಣಕ್ಕ ನಿಮ್ಮ ಮನಿಗಿ ಬರ್ಲೇನು?"

ಬಾಣಂತಿಯರೆಲ್ಲ ನಕ್ಕುಬಿಟ್ಟರು. ಕೇಶರ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಐತಾರ ಬರ್ರಿ... ಅಪ್ಪಾ ಮನ್ಯಾಗ ಇರ್ತಾರ."