ಕರಿಮಸಿಯ ಕರೆ

ಬೆಡ್‌ಶೀಟಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ನರ್ಸಮ್ಮನ ಕೈಯಲ್ಲಿ. ಮಹಡಿಯ ಮೇಲೆ ಎದುರುಬದುರು ನಿಂತು ಹಿಂಡುತ್ತಿದ್ದೆವು. ಎಷ್ಟು ತಿರುಚಿದರೂ ನೀರು ಇಳಿಯದು.

"ಅಯ್ಯೋ ತಂಗಿ, ನಾನು ತಿರುಚಿದ್ದನ್ನ ನೀನು ಬಿಚ್ತಾ ಇದೀಯಲ್ಲ! ಹಿಂಗಾದ್ರೆ ಸಂಜೆವರೆಗೂ ಕುಣೀತಾ ಇರಬೇಕಷ್ಟೇ," ಎಂದರು ನರ್ಸಮ್ಮ.

ನಗು ಬಂದು ನನ್ನ ತುದಿ ಕೈಜಾರಿತು. ಅದೇ ಹೊತ್ತಿಗೆ ಮೆಟ್ಟಿಲ ಬಾಗಿಲಲ್ಲಿ ಕೆಳಮನೆಯ ಟೀಚರಮ್ಮ ಬಂದು ನಿಂತಳು. ಅವಳ ಕಂಕುಳಲ್ಲೂ ಒದ್ದೆ ಬೆಡ್‌ಶೀಟೇ. ಕಣ್ಣು ಮಾತ್ರ ಅತ್ತೂ ಅತ್ತೂ ಒಣಗಿದ್ದವು.

"ನರ್ಸಮ್ಮ, ಇದು ಹೋಗ್ತಾನೇ ಇಲ್ಲ. ಸೋಪು, ನಿಂಬೆಹಣ್ಣು, ಬಿಸಿನೀರು, ಏನು ಹಾಕಿದ್ರೂ ಹೋಗ್ತಿಲ್ಲ."

ನಮ್ಮ ವಠಾರದಲ್ಲಿ ಕಳೆದದ್ದು, ಕೆಟ್ಟದ್ದು, ಅರ್ಥವಾಗದ್ದು ಎಲ್ಲವೂ ನರ್ಸಮ್ಮನ ಬಳಿಗೇ ಬರುತ್ತಿತ್ತು. ಆಸ್ಪತ್ರೆಯ ವಾರ್ಡಿನಲ್ಲಿ ತಲೆ ನರೆಸಿಕೊಂಡವರು ಅವರು. "ನೋವು ಎಲ್ಲಿ ಅಂತ ರೋಗಿ ಕೈಯಿಟ್ಟು ತೋರಿಸ್ತಾನೆ, ರೋಗ ಅಲ್ಲಿರಲ್ಲ," ಎನ್ನುವುದು ಅವರ ಮಾತು.

ಟೀಚರಮ್ಮ ಬಟ್ಟೆಯನ್ನು ಬಿಡಿಸಿ ಹಿಡಿದಳು. ಅಂಚಿನ ಹತ್ತಿರ ಕರಿಮಸಿಯಲ್ಲಿ ನಾಲ್ಕು ಅಕ್ಷರ. ನಾನು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು, ಈಗಲೂ ಕೂಡಿಸಿಯೇ ಓದುವುದು. "ಮ... ಗ... ಲೆ... ಬಾ," ಎಂದೆ. ಗ ಅಕ್ಷರಕ್ಕೆ ಇಲಿಬಾಲದಂಥ ಒಂದು ಗೆರೆ ಕೆಳಗಿಳಿದಿತ್ತು. ಬಾ ಮಾತ್ರ ಉಳಿದವುಗಳಿಗಿಂತ ಎರಡರಷ್ಟು ದಪ್ಪ.

"ಅದು ಮಗ್ಗಲು. 'ಮಗ್ಗಲಿಗೆ ಬಾ' ಅಂತ," ಎಂದಳು ಟೀಚರಮ್ಮ, ದನಿ ತಗ್ಗಿಸಿ. "ಚಿಕ್ಕಮಾವ ಓದಿ ಹೇಳಿದ್ರು. ಮಾವ ಬಟ್ಟೆ ಮೇಲೆ ಬರೆಯುವಾಗ ಒತ್ತಕ್ಷರ ನುಂಗಿಬಿಡ್ತಿದ್ರಂತೆ. ಅಕ್ಷರ ಮಾವಂದೇ, ನರ್ಸಮ್ಮ, ಅದರಲ್ಲಿ ಸಂಶಯ ಇಲ್ಲ. ಹಾಸಿಗೇಲಿ ಅವರು ಮಲಗ್ತಿದ್ದ ಪಕ್ಕದಲ್ಲೇ ಇತ್ತು."

ಅವಳ ಮಾವ, ನಾವೆಲ್ಲ ಮಸಿಯಜ್ಜ ಎನ್ನುತ್ತಿದ್ದವರು, ತೀರಿಕೊಂಡು ಮಳೆಗಾಲವೊಂದು ಕಳೆದಿತ್ತು.

"ಹೋದ ವಾರ ಅತ್ತೆ ದಿಂಬಿನ ಕವರಿನ ಒಳಗೆ 'ಬಾ ಬಾ ಬಾ' ಅಂತ ತುಂಬಾ ಇತ್ತು. ಯಾರಿಗೂ ಹೇಳದೆ ಬಚ್ಚಿಟ್ಟೆ. ಮೊನ್ನೆ ಇದು. ಬೀರುವಿನ ತಳದಿಂದ ತೆಗೆದು ನಾನೇ ಹಾಸಿದ್ದು, ನೋಡಿ. ಹಾಗಾಗಿ ನಮ್ಮನೆಯವರಿಗೆ ನನ್ನ ಮೇಲೇ ಅನುಮಾನ. ಪೆನ್ನೆಲ್ಲ ಗುಜರಿಗೆ ಹಾಕೋಣ ಅಂದೋಳು ನೀನೇ ಅಲ್ವಾ ಅಂತಾರೆ. ಅದು ಹೋಗಲಿ. ಅತ್ತೆ ಊಟ ಬಿಟ್ಟಿದಾರೆ. ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದಾರೆ. ಕರೆ ಬಂತು, ಇನ್ನೇನು ಅಂತಾರೆ. ಹೀಗೇ ಬಿಟ್ರೆ ಹೋಗಿಬಿಡ್ತಾರೆ, ನರ್ಸಮ್ಮ."

ನರ್ಸಮ್ಮ ಮಸಿಯ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದರು. "ಇಷ್ಟು ಒಗೆದ ಮೇಲೂ ಅಕ್ಷರ ಇದ್ದ ಕಡೆ ಮಾತ್ರ ಬಟ್ಟೆ ಇನ್ನೂ ಬಿರುಸಾಗಿದೆ. ಮಸಿ ಹರಡದ ಹಾಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ ಬರೆದಿದಾರೆ. ನಾನು ನೋಡಿದ ಹೆಣಗಳು ಯಾವುವೂ ಇಷ್ಟು ಅಚ್ಚುಕಟ್ಟಾಗಿರಲಿಲ್ಲಮ್ಮ. ನಡಿ, ನಿಮ್ಮತ್ತೇನ ನೋಡೋಣ."

ಮಸಿಯಜ್ಜನಿಗೆ ಹಿಂದೆ ಪೆನ್ನಿನ ಅಂಗಡಿಯಿತ್ತು. ಜನ ಮಸಿ ಪೆನ್ನು ಬಿಟ್ಟಮೇಲೆ ಅಂಗಡಿ ಮುಚ್ಚಿ, ಮಾರದೆ ಉಳಿದ ಪೆನ್ನುಗಳನ್ನೆಲ್ಲ ಮನೆಗೆ ಹೊತ್ತು ತಂದಿದ್ದರು. "ಸುಮ್ಮನೆ ಕೂತ ಪೆನ್ನಿಗೆ ಗಂಟಲು ಕಟ್ಟುತ್ತೆ" ಎಂದು ಒಂದೊಂದಕ್ಕೂ ಒಂದೊಂದು ಕೆಲಸ ಹಚ್ಚಿದ್ದರು. ಅಡುಗೆಮನೆಯಲ್ಲಿ ದಾರಕ್ಕೆ ಕಟ್ಟಿದ ದಪ್ಪ ಮುಳ್ಳಿನ ಪೆನ್ನು ಡಬ್ಬಿಗಳಿಗೆ ಚೀಟಿ ಬರೆಯಲು. ಬಟ್ಟೆ ಬುಟ್ಟಿಯ ಪಕ್ಕದ್ದು, ಒಗೆದರೂ ಹೋಗದ ಕರಿಮಸಿಯದು, ಲಾಂಡ್ರಿಗೆ ಹೋಗುವ ಬಟ್ಟೆಗೆ ಗುರುತು ಹಾಕಲು. ಔಷಧಿ ಪೆಟ್ಟಿಗೆಗೊಂದು. ಹಸಿರು ಮಸಿಯದು ಕುಂಡದ ಗಿಡಗಳ ಹೆಸರಿಗೆ. ನೀರು ಹಾಕಿದಾಗಲೆಲ್ಲ ಹೆಸರು ಅಳಿಸುತ್ತಿತ್ತು, ಅಜ್ಜ ಮತ್ತೆ ಬರೆಯುತ್ತಿದ್ದರು. ಪೆನ್ನಿಗೆ ಕೆಲಸ ತಪ್ಪಲಿಲ್ಲವಲ್ಲ ಎಂದು ಅವರಿಗೆ ಖುಷಿ. ಮುಳ್ಳು ಮುರಿದದ್ದೊಂದು ಬಚ್ಚಲಮನೆಯ ಚಿಲಕವಾಗಿತ್ತು.

ಈಗ ಆ ಪೆನ್ನುಗಳು ಎಲ್ಲೆಲ್ಲೂ ತೂಗುತ್ತಿದ್ದವು. ಕಿಟಕಿಯಿಂದ ಗಾಳಿ ಬಂದಾಗ ಟಕ್ ಟಕ್ ಎಂದು ಗೋಡೆ ತಟ್ಟುತ್ತಿದ್ದವು. ಯಾರೋ ಒಳಗೆ ಬರಲೇ ಎಂದು ಕೇಳಿದ ಹಾಗೆ.

ಕೋಣೆಯಲ್ಲಿ ದೊಡ್ಡಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದರು. ವಠಾರಕ್ಕೆಲ್ಲ ದೊಡ್ಡಕ್ಕ, ಮಸಿಯಜ್ಜನ ಹೆಂಡತಿ. ನರ್ಸಮ್ಮ ನಾಡಿ ಹಿಡಿದು ಕೂತರು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಕ್ಕನ ತುಟಿ ಅಲುಗಿತು.

"ಆ ಪೆನ್ನು ಎಸೆದುಬಿಡಿ ನರ್ಸಮ್ಮ. ಅದು ಅವರೊಬ್ಬರ ಮಾತೇ ಕೇಳೋದು."

"ಯಾವ ಪೆನ್ನು ದೊಡ್ಡಕ್ಕ?"

ದೊಡ್ಡಕ್ಕ ಕಣ್ಣು ಮುಚ್ಚಿಕೊಂಡರು.

ಹೊರಗೆ ಬಂದ ನರ್ಸಮ್ಮ ಒಂದೊಂದೇ ಪೆನ್ನನ್ನು ಹಳೆಯ ಪೇಪರಿನ ಮೇಲೆ ಗೀಚಿ ನೋಡಿದರು. ಅಡುಗೆಮನೆಯದು ಕೆರೆಯಿತೇ ಹೊರತು ಬರೆಯಲಿಲ್ಲ. ಗಿಡದ್ದೂ ಒಣಗಿತ್ತು, ಔಷಧಿಯದೂ. ಬಟ್ಟೆಯ ಪೆನ್ನು ಮಾತ್ರ ಮುಟ್ಟಿದ ಕೂಡಲೇ ಕಪ್ಪಗೆ ಹರಿಯಿತು. ಪಕ್ಕದಲ್ಲಿದ್ದ ಸೀಸೆಗೆ ಅಜ್ಜ 'ಮಸಿ' ಎಂದು ಚೀಟಿ ಅಂಟಿಸಿದ್ದರು, ಯಾರಾದರೂ ಕೇಶತೈಲವೆಂದು ತಲೆಗೆ ಹಚ್ಚಿಕೊಂಡಾರೆಂದು.

ಆಮೇಲೆ ಅವರು ಡಬ್ಬಿಗಳ ಮುಂದೆ ನಿಂತರು. ಉಪ್ಪು, ಸಕ್ಕರೆ, ಅಕ್ಕಿ, ಗೋಧಿ, ರವೆ, ಕಡಲೆ, ಮೆಣಸು, ಲವಂಗ, ಬಾದಾಮಿ. ಬಾದಾಮಿಯ ಡಬ್ಬಿ ದೊಡ್ಡದು, ಅದರ ಬರಹವೂ ದೊಡ್ಡದು. ಲವಂಗದ ಚೀಟಿಯ ಮೇಲೆ ಯಾವಾಗಲೋ ನೀರಿನ ಹನಿ ಬಿದ್ದು ಮಸಿ ಕೆಳಗಿಳಿದಿತ್ತು. ನರ್ಸಮ್ಮ ಬಹಳ ಹೊತ್ತು ನೋಡಿದರು.

"ಗೋಡೆ ಮೇಲಿನ ಫೋಟೋದಲ್ಲಿ ಎರಡು ಜಡೆ ಹಾಕಿಕೊಂಡಿರೋ ಹುಡುಗಿ ಯಾರು?" ಎಂದು ಕೇಳಿದರು.

ಟೀಚರಮ್ಮ ಬಾಗಿಲ ಕಡೆ ನೋಡಿ ಹೇಳಿದಳು: "ನಾದಿನಿ. ತಾನೇ ಮೆಚ್ಚಿದವನ ಜೊತೆ ಹೋದಳು. ನಾನು ಈ ಮನೆಗೆ ಬರೋಕೂ ಮುಂಚೆ. ಈ ಮನೆ ಮಸಿ ಅವಳ ಹೆಸರು ಬರೀಬಾರದು ಅಂತ ಮಾವ ಆಣೆ ಹಾಕಿಸಿದ್ರಂತೆ. ಇಷ್ಟು ಪೆನ್ನು ನೇತಾಡ್ತಿವೆ, ಅವಳಿಗೆ ಒಂದು ಗೆರೆ ಹೋಗಿಲ್ಲ."

ಮೆಟ್ಟಿಲು ಹತ್ತುವಾಗ ನನಗೆ ತಡೆಯಲಾಗಲಿಲ್ಲ. "ಓದಿ ಹೇಳಿದ್ರಲ್ಲ, ಮಸಿಯಜ್ಜನ ತಮ್ಮ, ಆ ಚಿಕ್ಕಪ್ಪನದೇ ಕೆಲಸ ಇರಬೇಕು. ಬೋರ್ಡು ಬರೆಯೋರು. ಎಂಥಾ ಅಕ್ಷರ ಬೇಕಾದ್ರೂ ಇಳಿಸ್ತಾರೆ. ದೊಡ್ಡಕ್ಕ ಮಲಗೋ ಆ ಮುಂದಿನ ಕೋಣೆ ಮೇಲೆ ಅವರಿಗೆ ಮೊದಲಿಂದ ಕಣ್ಣು."

"ತಂಗಿ, ಮಹಡಿ ಮೇಲೆ ನೀನು ಹೆಂಗೆ ಓದಿದೆ? ಇನ್ನೊಂದು ಸಲ ಹೇಳು."

"ಮ, ಗ, ಲೆ, ಬಾ."

"ಹ್ಞಾಂ. ಅಲ್ಲಿ ಬರೆದಿರೋದೂ ಅಷ್ಟೇ," ಎಂದು ಅವರು ಬಾಗಿಲು ಹಾಕಿಕೊಂಡರು.

ಮರುದಿನ ಮಧ್ಯಾಹ್ನ ಆ ಮನೆಯ ಅಡುಗೆಮನೆಯಲ್ಲಿ ಎಲ್ಲರೂ ಸೇರಿದ್ದೆವು. ದೊಡ್ಡಕ್ಕನ ಮಗ, ಬಸ್ ಕಂಡಕ್ಟರು, ಡ್ಯೂಟಿ ಮುಗಿಸಿ ಚೀಲವನ್ನೂ ಇಳಿಸದೆ ನಿಂತಿದ್ದ. ಬೋರ್ಡ್ ಚಿಕ್ಕಪ್ಪ ಸ್ಟೂಲಿನ ಮೇಲೆ. ಟೀಚರಮ್ಮ ಗಂಡನಿಂದ ದೂರ, ಒಲೆಯ ಪಕ್ಕ. ದೊಡ್ಡಕ್ಕನನ್ನು ನಾನೇ ತೋಳು ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದ್ದೆ. ಹಕ್ಕಿಯಷ್ಟು ಹಗುರಾಗಿದ್ದರು.

"ದೆವ್ವ ಬಿಡಿಸೋಕೆ ನರ್ಸು ಬಂದಿದ್ದು ಇದೇ ಮೊದಲು ಕಣಯ್ಯ," ಎಂದರು ಚಿಕ್ಕಪ್ಪ.

"ಮೊದಲು ನಿಮ್ಮನ್ನೇ ಬಿಡಿಸ್ತೀನಿ ಕೂತ್ಕೊಳಿ," ಎಂದರು ನರ್ಸಮ್ಮ. "ಈ ಮನೇಲಿ ಪೆನ್ನೆಲ್ಲ ಒಣಗಿವೆ, ಬಟ್ಟೆ ಪೆನ್ನು ಮಾತ್ರ ಹರೀತಿದೆ. ಅಂದ್ರೆ ಯಾರೋ ಅದನ್ನ ಬಿಡದೆ ಹಿಡೀತಿದಾರೆ. ಗಂಜಿ ಹಾಕಿ ಬರೆದಿದಾರೆ, ಅಂದ್ರೆ ಮಸಿಯಜ್ಜ ಬಟ್ಟೆ ಮೇಲೆ ಬರೆಯೋದನ್ನ ಹತ್ತಿರದಿಂದ ನೋಡಿದೋರು. ಹೊರಗಿನೋರಲ್ಲ, ಸತ್ತೋರೂ ಅಲ್ಲ."

ಕಂಡಕ್ಟರು ಹೆಂಡತಿಯ ಕಡೆ ನೋಡಿದ.

"ಅಲ್ಲಿ ಯಾಕಪ್ಪ ನೋಡ್ತೀಯ? ಈ ಗ ನೋಡು." ಅವರು ಬೆಡ್‌ಶೀಟು ಬಿಡಿಸಿದರು. "ಬಾಲ ಇದೆ. ಯಾವ ಶಾಲೇಲಿ ಗ ಅಕ್ಷರಕ್ಕೆ ಬಾಲ ಹೇಳಿಕೊಡ್ತಾರೆ?"

"ನಾನಂತೂ ಕೊಡಲ್ಲ," ಎಂದಳು ಟೀಚರಮ್ಮ ಬಿರುಸಾಗಿ.

"ಚಿಕ್ಕಪ್ಪ, ನೀವು ಅಣ್ಣನ ಅಕ್ಷರ ಇಳಿಸೋದಾದ್ರೆ ಈ ಬಾಲ ಹಾಕ್ತೀರಾ?"

"ಥೂ, ಅದು ಮಸಿ ಸುರಿದಿರೋದು. ನಾನು ಯಾಕೆ ಇಳಿಸಲಿ?"

"ಸುರಿದಿರೋದು ಅಂತ ಅಕ್ಷರ ಬಲ್ಲೋರಿಗೆ ಗೊತ್ತಾಗುತ್ತೆ. ಗ ಅಂದ್ರೆ ಹಿಂಗೇ ಇರುತ್ತೆ ಅಂತ ತಿಳಿದೋರು ಬಾಲಾನೂ ಬರೀತಾರೆ. ಮಗ್ಗಲು ಅಂತ ಬರೀಬೇಕಿದ್ರೆ ನೀವ್ಯಾರಾದ್ರೂ ಒತ್ತು ಬಿಡ್ತಿದ್ರಾ? ಹೆದರಿಸೋಕೆ ಬರೆಯೋನು ಓದೋ ಹಾಗೆ ಬರೀತಾನೆ. ಇದನ್ನ ಬರೆದೋರಿಗೆ ಓದೋಕೇ ಬರಲ್ಲ."

ಅವರು ಮಸಿಯ ಸೀಸೆ ತಂದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಲವಂಗ, ಅದರ ಪಕ್ಕ ಕಡಲೆ, ಕೊನೆಗೆ ಬಾದಾಮಿ. ಸೀಸೆಯ 'ಸಿ'ಯನ್ನು ಒಂದು ಬಟ್ಟೆಚೂರಿನಿಂದ ಮುಚ್ಚಿದರು. ಲವಂಗದ ಮೊದಲ ಅಕ್ಷರಗಳನ್ನು ಮುಚ್ಚಿದರು, ಕಡಲೆಯ 'ಕಡ'ವನ್ನು, ಬಾದಾಮಿಯ 'ದಾಮಿ'ಯನ್ನು.

"ತಂಗಿ, ಕೂಡಿಸಿ ಓದು."

"ಮ," ಎಂದೆ. "ಗ. ಲೆ." ಕೊನೆಯ ಡಬ್ಬಿಯ ಮೇಲೆ ಬೆರಳಿಟ್ಟೆ. "ಬಾ."

ಬಾಲವಿದ್ದ ಗ. ಎರಡರಷ್ಟು ದಪ್ಪದ ಬಾ. ಬೆಡ್‌ಶೀಟಿನಲ್ಲಿದ್ದ ಹಾಗೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಡಬ್ಬೀಲಿ ಏನಿದೆ ಅಂತ ಗೊತ್ತು. ಲ-ವಂ-ಗ ಅಂತ ಬಾಯಲ್ಲಿ ಹೇಳ್ತಾ ಹೋದ್ರೆ ಕೊನೇ ಆಕಾರ ಗ. ಹಿಂಗೆ ಒಂದೊಂದು ಡಬ್ಬಿಯಿಂದ ಒಂದೊಂದು ಅಕ್ಷರ ಸಾಲ ತಂದಿದಾರೆ. ಯಜಮಾನರ ಅಕ್ಷರಾನೇ ನೋಡಿ ತಿದ್ದಿದ್ದು, ಅದಕ್ಕೇ ಯಜಮಾನರದೇ ಕೈ ಅನ್ನಿಸಿತು. ಈ ಮನೇಲಿ ಶಾಲೆ ಮೆಟ್ಟಿಲು ಹತ್ತದೋರು ಒಬ್ಬರೇ." ನರ್ಸಮ್ಮ ದೊಡ್ಡಕ್ಕನ ಮುಂದೆ ಮಂಡಿಯೂರಿ ಕೂತರು. "ಬೀರುವಿನ ತಳದಲ್ಲಿ ಬಚ್ಚಿಟ್ಟಿದ್ದನ್ನ ಸೊಸೆ ಗೊತ್ತಿಲ್ಲದೆ ಹಾಸಿಬಿಟ್ಟಳು. ಅಲ್ವಾ ದೊಡ್ಡಕ್ಕ?"

ಕಂಡಕ್ಟರ ಚೀಲ ಭುಜದಿಂದ ಜಾರಿತು. "ಅಮ್ಮಾ? ನೀನಾ? ಮತ್ತೆ ಯಾಕೆ ಸುಮ್ಮನಿದ್ದೆ? ಯಾಕೆ ಊಟ ಬಿಟ್ಟೆ?"

ದೊಡ್ಡಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನಾನು ಹಂಗೆ ಬರೆದಿರಲಿಲ್ಲಪ್ಪ," ಎಂದರು, ಅಪರಾಧಿಯ ಹಾಗೆ. "ಕಾಗದ ಮುಟ್ಟಿದ್ರೆ 'ನಿನಗ್ಯಾಕೆ ಇದು' ಅಂತ ಕೇಳ್ತೀರಿ. ಬಟ್ಟೆ ನನ್ನ ಕೈಲಿರೋದು. ಅದಕ್ಕೇ ಅದರ ಮೇಲೆ ಕಲಿತೆ. ಮಗಳೇ ಬಾ ಅಂತ ಬರೆದೆ. ಅಷ್ಟೇ ಬರೆದೆ. ನಿಮ್ಮ ಚಿಕ್ಕಪ್ಪ ಓದಿದಾಗ ಬೇರೇನೇ ಆಗಿತ್ತು. ನಿಮ್ಮಪ್ಪ ತಿದ್ದಿಬಿಟ್ಟಿದ್ರು. ಅವಳ ಹೆಸರು ಬರೀಬೇಡ ಅಂದಿದ್ರಲ್ಲ... ನಾನು ಅವಳನ್ನ ಕರೆದ್ರೆ ಅವರು ನನ್ನನ್ನ ಕರೆದ್ರು."

ಗಾಳಿ ಬೀಸಿತು. ಅಡುಗೆಮನೆಯ ಪೆನ್ನು ಗೋಡೆಯನ್ನು ಟಕ್ಕೆಂದು ತಟ್ಟಿತು. ಚಿಕ್ಕಪ್ಪನೇ ಬೆಚ್ಚಿಬಿದ್ದರು.

"ಯಾರೂ ತಿದ್ದಿಲ್ಲ ದೊಡ್ಡಕ್ಕ," ಎಂದರು ನರ್ಸಮ್ಮ. "ನಿಮ್ಮ ಅಡುಗೆಮನೇಲಿ ಳ ಇಲ್ಲ. ಬೇಳೆ ಕಾಳು ಚೀಟಿಯಿಲ್ಲದ ಚೀಲದಲ್ಲೇ ಇವೆ. ಉಪ್ಪಿನಿಂದ ಬಾದಾಮಿವರೆಗೂ ಹುಡುಕಿದೆ, ಒಂದೇ ಒಂದು ಡಬ್ಬೀಲೂ ಇಲ್ಲ."

"ಹುಡುಕಿದೆ ನಾನೂ," ಎಂದರು ದೊಡ್ಡಕ್ಕ ಮೆಲ್ಲಗೆ. "ಕಡಲೇದು ಕಿವಿಗೆ ಹತ್ತಿರ ಅನ್ನಿಸ್ತು."

"ಮಗಲೆ ಬಾ ಅಂತಾಯ್ತು. ಅದರಲ್ಲಿ ಇವರೆಲ್ಲ ತಮ್ಮ ತಮ್ಮ ಭಯ ಸೇರಿಸಿ ಓದಿದ್ರು."

ಚಿಕ್ಕಪ್ಪ ಬೋಳುತಲೆ ಉಜ್ಜಿಕೊಂಡರು. "ಇಷ್ಟು ವರ್ಷ ಬೋರ್ಡು ಬರೆದೆ. ಓದೋದು ಕಲೀಲಿಲ್ಲ ನೋಡಿ."

ಕಂಡಕ್ಟರು ಹೆಂಡತಿಯ ಹತ್ತಿರ ಹೋಗಿ ನಿಂತ. ತಪ್ಪಾಯ್ತು ಎನ್ನಲು ಬಾಯಿ ತೆರೆದ. ಅವಳೇ "ಹ್ಞೂಂ, ಸಾಕು, ಕಾಗದ ತನ್ನಿ," ಎಂದಳು.

ಅತ್ತೆಯ ಕೈ ಹಿಡಿದು ಅವಳು ಳ ತಿದ್ದಿಸಿದಳು. ನನಗೂ ಅದು ಬಹಳ ಕಾಟ ಕೊಟ್ಟ ಅಕ್ಷರ. ಸುತ್ತಿದಷ್ಟೂ ದಾರಿ ತಪ್ಪಿಸುತ್ತದೆ. ಬಟ್ಟೆಯ ಪೆನ್ನನ್ನು ದೊಡ್ಡಕ್ಕ ಮುಟ್ಟಲೊಲ್ಲರು. ಅಡುಗೆಮನೆಯದನ್ನು ದಾರದಿಂದ ಬಿಚ್ಚಿಕೊಟ್ಟರೆ, ಕಾಗದದ ಮೇಲೆ ಬರೀ ಗೀರು. ಮಸಿ ಇಳಿಯಲಿಲ್ಲ.

"ನೋಡಿದ್ರಾ," ಎಂದರು ದೊಡ್ಡಕ್ಕ. ಮುಖ ಬಿಳಿಚಿತು. "ಅವರು ಬಿಡ್ತಿಲ್ಲ."

ನಾನೂ ಉಸಿರು ಹಿಡಿದಿದ್ದೆ, ಸುಳ್ಳು ಹೇಳಲಾರೆ. ನರ್ಸಮ್ಮ ಪೆನ್ನನ್ನು ಕಿತ್ತುಕೊಂಡು ಬಿಸಿನೀರಿನ ಲೋಟಕ್ಕೆ ಮುಳ್ಳು ಮುಳುಗಿಸಿದರು. ನೀರಿನಲ್ಲಿ ನೀಲಿ ಎಳೆಯೊಂದು ಹೊಗೆಯ ಹಾಗೆ ಬಿಚ್ಚಿಕೊಂಡು ಕರಗಿತು. ಒರೆಸಿ, ಹೊಸ ಮಸಿ ತುಂಬಿ ಕೊಟ್ಟರು. ದೊಡ್ಡಕ್ಕ ತುಟಿ ಕಚ್ಚಿಕೊಂಡು ಬರೆದರು. ಮ. ಬಾಲವಿಲ್ಲದ ಗ. ಆಮೇಲೆ ಬಹಳ ನಿಧಾನವಾಗಿ, ಸುತ್ತಿ, ಇನ್ನೊಮ್ಮೆ ಸುತ್ತಿ, ಳೇ.

"ವಿಳಾಸ ಬೇಕಲ್ಲ," ಎಂದೆ ನಾನು.

ಕಂಡಕ್ಟರು ತಲೆ ತಗ್ಗಿಸಿದ. "ನನಗೆ ಬಾಯಿಪಾಠ ಇದೆ. ಅಪ್ಪ ಇರೋವರೆಗೂ ಬರೆಯಲ್ಲ ಅಂತ ಮಾತು ಕೊಟ್ಟಿದ್ದೆ. ಅವರು ಹೋದ ಮೇಲೆ... ಯಾವ ಮುಖ ಇಟ್ಟುಕೊಂಡು ಬರೆಯೋದು ಅಂತ ಬಿಟ್ಟೆ."

"ಅಮ್ಮಂದು ಒಳಗಿದೆ. ನೀನು ಹೊರಗಿಂದು ಬರೆ," ಎಂದರು ನರ್ಸಮ್ಮ.

ಅವನು ಅದೇ ಪೆನ್ನಿನಲ್ಲಿ ತಂಗಿಯ ಹೆಸರು ಬರೆದ. ದೊಡ್ಡಕ್ಕ ಆ ಹೆಸರಿನ ಮೇಲೆ ಮಸಿ ಒಣಗುವವರೆಗೂ ಊದಿದರು. ಆಮೇಲೆ ತಾವಾಗಿಯೇ ಒಂದು ಲೋಟ ಹಾಲು ಕೇಳಿ ಕುಡಿದರು. ಕುಡಿದು, ಚಪ್ಪಲಿ ಎಲ್ಲಿ ಎಂದರು.

ಬೀದಿಯ ಕೊನೆಗೆ, ಕೀಲಿ ಮಾಡುವವನ ಅಂಗಡಿಯ ಪಕ್ಕದಲ್ಲಿ ಅಂಚೆಪೆಟ್ಟಿಗೆ. ನಾವೆಲ್ಲ ಹಿಂದೆ ನಿಂತೆವು. ದೊಡ್ಡಕ್ಕ ಪೆಟ್ಟಿಗೆಯ ಬಾಯೊಳಗೆ ಕೈ ಹಾಕಿದರು, ಮೊಣಕೈವರೆಗೂ. ಒಂದು ಬಸ್ಸು ಹೋಯಿತು. ಕೈ ಇನ್ನೂ ಒಳಗೇ ಇತ್ತು.

"ಅತ್ತೆ, ಬಿಡಿ," ಎಂದಳು ಟೀಚರಮ್ಮ.

"ಇರೇ," ಎಂದು ದೊಡ್ಡಕ್ಕ ಕಿವಿಯನ್ನು ಪೆಟ್ಟಿಗೆಗೆ ಆನಿಸಿದರು, ಬಿಟ್ಟರು, ಬಿದ್ದ ಸದ್ದನ್ನು ಕೇಳಿಸಿಕೊಂಡರು.