ಮೊದಲನೇ ರಿಂಗಿಗೇ

ಮಂಗಳವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ದರ್ಜಿ ಹೆಂಗಸು ಮತ್ತೆ ಠಾಣೆಯ ಮೆಟ್ಟಿಲು ಹತ್ತಿದಳು. ಅಳತೆ ಟೇಪು ಕೊರಳಲ್ಲಿ ಹಾಗೇ ನೇತಾಡುತ್ತಿತ್ತು. ದಫೇದಾರ ತಲೆಯೆತ್ತಿ ನೋಡಿ, ‘ಬಂದಳಪ್ಪಾ’ ಎಂದುಕೊಂಡ.

ದೂರು ಹಿಡಿದು ಬಂದವರನ್ನು ಎಫ್‌ಐಆರ್ ಇಲ್ಲದೆ, ಮುಖ ಮುರಿಯದೆ, ಬೆಣ್ಣೆಯಂಥ ಮಾತಾಡಿ ವಾಪಸು ಕಳಿಸುವುದರಲ್ಲಿ ಅವನದು ಎತ್ತಿದ ಕೈ. ಠಾಣೆಯವರೆಲ್ಲ ಅವನನ್ನು ‘ಸಾಗಹಾಕಪ್ಪ’ ಎಂದೇ ಕರೆಯುತ್ತಿದ್ದರು. ಅವನಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ. ಈಕೆಯನ್ನೂ ಮೂರನೇ ತಾರೀಕು ಹಾಗೇ ಸಾಗಹಾಕಿದ್ದ. ಯಾವುದೋ ಮೆಷಿನ್ನು ದಿನಕ್ಕೆ ಅರವತ್ತು ಸಲ ಫೋನ್ ಮಾಡಿ, ‘ಅಭಿನಂದನೆ! ಸಾವಿರಾರು ಜನರಲ್ಲಿ ನೀವು ಆಯ್ಕೆಯಾಗಿದ್ದೀರಿ’ ಎನ್ನುತ್ತದೆ, ತಲೆ ಚಿಟ್ಟು ಹಿಡಿದುಹೋಗಿದೆ ಎಂದು ಅವಳು ಗೋಳಾಡಿದ್ದಳು. ಪಾಪ, ಇನ್ನೇನೋ ಹೇಳಲು ಬಾಯಿ ತೆರೆದಿದ್ದಳು ಕೂಡ. ಇವನು ಕೇಳಿದರೆ ತಾನೆ! ತಾನೇ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ ಹಾಳೆಯನ್ನು ತೋರಿಸಿ ಕಳಿಸಿದ್ದ: ‘ಗೊತ್ತಿಲ್ಲದ ನಂಬರ್ ಎತ್ತಬೇಡಿ.’

ಈ ಸಲ ಅವಳು ಗೋಳಾಡಲಿಲ್ಲ.

“ನೀವು ಹೇಳಿದ ಹಾಗೇ ಮಾಡ್ದೆ ಅಣ್ಣ. ಎತ್ತಲಿಲ್ಲ.”

“ಒಳ್ಳೇದಾಯ್ತಲ್ಲಮ್ಮ. ಮತ್ತೇನು?”

“ನನ್ನ ತಮ್ಮನಿಗೆ ಕಿಡ್ನಿ ಸಿಕ್ಕಿತ್ತು. ಆಸ್ಪತ್ರೆಯವರು ಮೂರು ಸಲ ಫೋನ್ ಮಾಡಿದ್ರಂತೆ. ಎತ್ತಲಿಲ್ಲ ಅಂತ ಬೇರೆಯವರಿಗೆ ಕೊಟ್ಟುಬಿಟ್ರು.”

ದಫೇದಾರ ಪೆನ್ನು ಎಲ್ಲಿಟ್ಟೆನೆಂದು ಮೇಜೆಲ್ಲ ತಡಕಾಡಿದ. ಅದು ಅವನ ಕೈಯಲ್ಲೇ ಇತ್ತು.

ಇನ್‌ಸ್ಪೆಕ್ಟರ್ ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆಸಿ ಕೂರಿಸಿದರು.

“ಯಾವತ್ತು ಬಂದಿದ್ದು ಆ ಫೋನು?”

“ಒಂಬತ್ತನೇ ತಾರೀಕು. ಹನ್ನೊಂದರಿಂದ ಹನ್ನೊಂದೂವರೆ ಒಳಗೆ.”

“ಆಸ್ಪತ್ರೆ ನಂಬರ್ ನಿಮ್ಮ ಹತ್ರ ಇರಲಿಲ್ವಾ?”

“ಇತ್ತು ಮೇಡಂ. ಅವತ್ತು ಬೇರೆ ಲೈನಿಂದ ಮಾಡಿದ್ದಾರೆ.”

“ತಮ್ಮನಿಗೆ ಮಾಡಬಹುದಿತ್ತಲ್ಲ?”

“ಅವನಿಗೆ ಫೋನ್ ಹಿಡಿಯೋಕೂ ಕೈಲಾಗಲ್ಲ. ನನ್ನ ನಂಬರ್ ಒಂದೇ ಬರೆಸಿದ್ದೆ. ನಾಲ್ಕು ವರ್ಷ ಕಾದಿದೀನಿ ಮೇಡಂ. ಸ್ನಾನಕ್ಕೆ ಹೋದ್ರೂ ಫೋನ್ ಬಾಗಿಲ ಹತ್ರ ಇಟ್ಟಿರ್ತಿದ್ದೆ. ಯಾವ ನಂಬರ್ ಬಂದ್ರೂ ಮೊದಲನೇ ರಿಂಗಿಗೇ ಎತ್ತುತ್ತಿದ್ದೆ.”

“ಮತ್ತೆ ಅವತ್ತು?”

ಅವಳು ಬಾಗಿಲಲ್ಲಿ ನಿಂತಿದ್ದ ದಫೇದಾರನ ಕಡೆ ನೋಡಿದಳು. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು ಅವನಿಗೆ.

ಹನ್ನೊಂದು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದವನು ಅವನೇ.

ಹದಿನಾಲ್ಕನೇ ತಾರೀಕು ಅವಳ ಫೋನಿನ ಕರೆಗಳ ವಿವರ ಬಂತು. ತಿಂಗಳ ಮೊದಲ ದಿನ ಅರವತ್ತೊಂದು ಕರೆ, ಎರಡನೇ ದಿನ ಅರವತ್ತೆಂಟು. ಮೂವತ್ತೆರಡು ಬೇರೆ ಬೇರೆ ನಂಬರುಗಳು, ಎಲ್ಲವೂ ಒಂದೇ ಟವರಿನ ಕೆಳಗಿನವು. ಎಂಟು ವರ್ಷದಿಂದ ಕುರ್ಚಿಗೆ ಅಂಟಿಕೊಂಡಿದ್ದ ದಫೇದಾರ ಆ ಟವರಿನ ಸುತ್ತಮುತ್ತಲಿನ ಒಂದೊಂದು ಸಿಮ್ ಅಂಗಡಿಯನ್ನೂ ಹತ್ತಿಳಿದ. ಬೂಟು ಕಚ್ಚಿ ಹಿಮ್ಮಡಿ ಸುಲಿದುಹೋಯಿತು. ಕಾನ್ಸ್‌ಟೇಬಲ್ಲುಗಳು, “ಏನು ಸಾಗಹಾಕಪ್ಪನವರೇ, ಪ್ರಮೋಷನ್ನಾ?” ಎಂದು ರೇಗಿಸಿದರೆ ಅವನು ನಗಲಿಲ್ಲ. ನಾಲ್ಕನೇ ದಿನ ಹದಿನೇಳನೇ ಅಂಗಡಿಯವನು ಬಾಯಿಬಿಟ್ಟ: ಮೂವತ್ತೆರಡನ್ನೂ ಒಬ್ಬನೇ ಒಯ್ದಿದ್ದಾನೆ, ಹಿಂದಿನ ಬೀದಿಯ ಮುಚ್ಚಿದ ಫೋಟೋ ಸ್ಟುಡಿಯೋದ ಮೇಲಿನ ಕೋಣೆಗೆ.

ಹತ್ತೊಂಬತ್ತನೇ ತಾರೀಕು, ಮಧ್ಯಾಹ್ನ ಮೂರೂ ಕಾಲು. ಪಂಚರಾಗಿ ಒಬ್ಬ ಕ್ಷೌರಿಕ, ಒಬ್ಬ ಬೀಗ ರಿಪೇರಿಯವನು. ಬಾಗಿಲು ತಟ್ಟಿದ ಕೂಡಲೇ ತೆರೆಯಿತು. ಒಂದು ಮೇಜು, ಒಂದು ಲ್ಯಾಪ್‌ಟಾಪು, ಸಿಮ್‌ಗಳನ್ನು ಸಾಲಾಗಿ ಚುಚ್ಚಿದ್ದ ಒಂದು ಕಬ್ಬಿಣದ ಪೆಟ್ಟಿಗೆ. ಇದ್ದೊಂದು ಫ್ಯಾನು ಪೆಟ್ಟಿಗೆಯ ಕಡೆ ಮುಖ ಮಾಡಿತ್ತು. ಪಕ್ಕದಲ್ಲಿ ಕೂತಿದ್ದ ನಲವತ್ತರ ಆಸುಪಾಸಿನ ಮನುಷ್ಯ ಬೆವರಿ ತೊಪ್ಪೆಯಾಗಿದ್ದ. ದಫೇದಾರ ಪಂಚನಾಮೆ ಬರೆಯುತ್ತಿದ್ದಂತೆ ಮೇಡಂ ಕೇಳತೊಡಗಿದರು.

“ಈ ನಂಬರಿಗೆ ಯಾಕೆ ಇಷ್ಟು ಸಲ ಫೋನ್ ಮಾಡಿದೆ?”

“ನಾನು ಮಾಡಲ್ಲ ಮೇಡಂ. ಮೆಷಿನ್ ಮಾಡುತ್ತೆ.”

“ಯಾಕೆ ಮಾಡ್ತು?”

ಅವನು ಪರದೆಯನ್ನೊಮ್ಮೆ ನೋಡಿದ. “ಇವರು ಯಾವಾಗ್ಲೂ ಮೊದಲನೇ ರಿಂಗಿಗೇ ಎತ್ತಿದಾರೆ. ಅಂಥ ನಂಬರನ್ನ ಮೆಷಿನ್ ಪಟ್ಟಿಯಲ್ಲಿ ಮೇಲಕ್ಕೆ ಹಾಕುತ್ತೆ. ಎತ್ತಿದಷ್ಟೂ ಜಾಸ್ತಿ ಮಾಡುತ್ತೆ.”

ದಫೇದಾರನ ಪೆನ್ನು ನಿಂತಿತು. ತಮ್ಮನ ಜೀವಕ್ಕಾಗಿ ಅವಳು ಓಡೋಡಿ ಬಂದು ಎತ್ತಿದ ಒಂದೊಂದು ಫೋನೂ ಇನ್ನೊಂದು ಫೋನನ್ನು ಕರೆದಿತ್ತು! ಅಯ್ಯೋ ದೇವರೇ, ಇದನ್ನು ಅವಳಿಗೆ ಯಾವ ಬಾಯಲ್ಲಿ ಹೇಳುವುದು?

ಜೀಪಿನಲ್ಲಿ ಕೂತ ಮೇಲೆ ಆ ಮನುಷ್ಯ ಯಾರೂ ಕೇಳದಿದ್ದರೂ ಬಾಯಿಬಿಟ್ಟ.

“ಒಂಬತ್ತು ವರ್ಷ ನಾನೇ ಕೂತು ಫೋನ್ ಮಾಡ್ತಿದ್ದೆ ಸಾರ್. ದಿನಕ್ಕೆ ಇನ್ನೂರು ಜನ. ನನ್ನ ಅಮ್ಮನನ್ನೂ ಬಿಡದೆ ಬೈಯೋರು. ರಾತ್ರಿ ಮಲಗಿದ್ರೂ ಕಿವೀಲಿ ಅದೇ. ಮೆಷಿನ್ ತಂದ ಮೇಲೆ ಒಬ್ಬರ ಧ್ವನೀನೂ ನನಗೆ ಕೇಳಿಸ್ತಿರಲಿಲ್ಲ. ನನಗೆ ಅಷ್ಟೇ ಬೇಕಾಗಿತ್ತು.”

ಕೆನ್ನೆಗೊಂದು ಬಿಗಿಯಬೇಕೆಂದು ದಫೇದಾರನ ಕೈ ಕಡಿಯುತ್ತಿತ್ತು, ಆದರೆ ಮೇಲೇಳಲಿಲ್ಲ. ಯಾರ ಗೋಳೂ ಕಿವಿಗೆ ಬೀಳದಿದ್ದರೆ ಸಾಕೆಂದು ತಾನೂ ಗೋಡೆಗೊಂದು ಹಾಳೆ ಅಂಟಿಸಿಕೊಂಡು ಕೂತವನೇ ಅಲ್ಲವೇ!

ಸಂಜೆ ಐದಕ್ಕೆ ಮೇಡಂ ಕಡತ ತಿರುವಿಹಾಕಿದರು. “ಆ ಹೆಣ್ಣುಮಗಳ ಹೇಳಿಕೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆಯಲ್ಲ ದಫೇದಾರ್ರೇ?”

“ಯಾವುದು ಮೇಡಂ?”

“ಫೋನ್ ಎತ್ತಬೇಡ ಅಂತ ಹೇಳಿದ್ದು ಯಾರು ಅನ್ನೋದು.”

ಅವರು ಗದರಲಿಲ್ಲ. ಅವನು ಕೇಸ್ ಡೈರಿ ತೆಗೆದು, ಆ ಸಲಹೆ ಕೊಟ್ಟವನು ತಾನೇ ಎಂದು ಹೆಸರು, ಹುದ್ದೆ ಸಮೇತ ಬರೆದು ಸಹಿ ಹಾಕಿದ. ಗೋಡೆಯ ಹಾಳೆ ಕಿತ್ತ. ಆಮೇಲೆ ಠಾಣೆಯ ಫೋನಿನಿಂದ ಅವಳ ನಂಬರ್ ಒತ್ತಿದ. ತಪ್ಪಾಯ್ತು ತಾಯಿ ಅನ್ನಬೇಕು, ಅಷ್ಟಾದರೂ ಅನ್ನಬೇಕು.

ಒಂದು ರಿಂಗೂ ಪೂರ್ತಿ ಆಗಲಿಲ್ಲ.

“ಹಲೋ! ಆಸ್ಪತ್ರೆಯವರಾ?”

“ಅಲ್ಲಮ್ಮ. ಠಾಣೆಯಿಂದ. ಅವನನ್ನ ಹಿಡಿದ್ವಿ.”

ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಹಿಂದೆ ಯಾರೋ ಕ್ಷೀಣವಾಗಿ ಕೆಮ್ಮಿದರು.

“ಸರಿ ಅಣ್ಣ,” ಎಂದಳು.

“ಅಮ್ಮಾ, ಇನ್ನೊಂದು ಮಾತು—”

“ಫೋನ್ ಇಡಿ ಅಣ್ಣ, ದಮ್ಮಯ್ಯ. ಅವರು ಮಾಡಿದಾಗ ಲೈನ್ ಬ್ಯುಸಿ ಬರಬಾರದು.”